ಸಣ್ಣದು

ಮನೆ ಕಾಯುವುದಕ್ಕೆ ನಮ್ಮ ಕೂಟದಲ್ಲಿ ನೇಮಗಳಿವೆ. ಅವನ್ನು ಮಾಡಿದವಳು ನಾನೇ. ಆಟ ಮೊಬೈಲಿನದು; ಕೋಟೆ ಕಟ್ಟಬೇಕು, ಹಳ್ಳಿ ಹಿಡಿಯಬೇಕು, ಸೈನ್ಯ ಸಾಕಬೇಕು. ನಾವು ಮಲಗಿದರೂ ಊಟಕ್ಕೆ ಕೂತರೂ ಅದು ನಿಲ್ಲುವುದಿಲ್ಲ. ಹಾಗಾಗಿ ಯಾರಾದರೂ ಮದುವೆಗೋ ಆಸ್ಪತ್ರೆಗೋ ಹೊರಟರೆ ಕೂಟದ ಇನ್ನೊಬ್ಬರಿಗೆ ಪಾಸ್‌ವರ್ಡ್ ಕೊಟ್ಟು ಹೋಗುತ್ತಾರೆ; ಇದಕ್ಕೇ ನಾವು ಮನೆ ಕಾಯುವುದು ಅನ್ನುವುದು. ಕಾಯುವವನು ಮನೆಯವನ ಸೈನ್ಯವನ್ನು ತನ್ನ ಜಗಳಕ್ಕೆ ಕಳಿಸಬಾರದು, ಅವನಿಗೆ ಬಂದ ಸಂದೇಶಗಳನ್ನು ಇಣುಕಬಾರದು. ಮನೆಯವನು ಬಂದ ಕೂಡಲೇ ಸುಮ್ಮನೆ ಹೊರಗೆ ಬೀಳಬೇಕು. ಮತ್ತೆ, ಹಳ್ಳಿಯೊಂದನ್ನು ಬಿಟ್ಟುಕೊಡುವ ಪ್ರಸಂಗ ಬಂದರೆ ಮನೆಯವನನ್ನು ಕೇಳದೆ ಬಿಡಕೂಡದು. ಈ ಕೊನೆಯದರ ಬಗ್ಗೆ ನನಗೆ ಬಹಳ ಜಂಬವಿತ್ತು. ಕುಮಟೆಯ ನನ್ನ ಹೊಲಿಗೆ ಅಂಗಡಿಯಲ್ಲಿ ಮಷಿನ್ ತುಳಿಯುತ್ತಲೇ ಎಷ್ಟು ಜನರಿಗೆ ಫೋನಿನಲ್ಲಿ ಇದನ್ನು ಹೇಳಿ ಬೈದಿದ್ದೇನೋ.

ಹಳದೀಪುರದ ಉದಯ ಟೆಂಪೋ ಓಡಿಸುತ್ತಾನೆ. ಕಳೆದ ಮಳೆಗಾಲದಲ್ಲಿ ಜ್ವರ ಬಂದು ಅವನ ಮಗಳು ತೀರಿಕೊಂಡಳು. ಶಾಲೆಯಲ್ಲಿ ಅವಳ ಹೆಸರು ಶ್ರಾವ್ಯಾ. ನಮಗೆ ಗೊತ್ತಿದ್ದದ್ದು ಅಷ್ಟೇ. ಆಮೇಲೆ ಅವನು ಮಾತು ಕಡಿಮೆ ಮಾಡಿ ಆಟ ಹೆಚ್ಚು ಮಾಡಿದ. ಅವನ ಹಳ್ಳಿಗಳ ಹೆಸರುಗಳೂ ಅವನ ಹಾಗೆಯೇ, ಒಂದಿಷ್ಟೂ ಅಲಂಕಾರವಿಲ್ಲ: ದೊಡ್ಡದು, ಹೊಳೆಬದಿ, ಮೂಲೆ, ಸಣ್ಣಿ. ಈ ಸಣ್ಣಿ ನಕಾಶೆಯ ತುದಿಯಲ್ಲಿ, ಒಂದು ಕೆರೆಯ ಪಕ್ಕದಲ್ಲಿತ್ತು. ಅಲ್ಲಿ ಬೆಳೆಯೂ ಇಲ್ಲ, ಕಬ್ಬಿಣವೂ ಇಲ್ಲ. ಅವನು ತನ್ನ ಒಳ್ಳೊಳ್ಳೆಯ ಸೈನಿಕರನ್ನೆಲ್ಲ ಅಲ್ಲಿಯೇ ಕಾವಲಿಗೆ ನಿಲ್ಲಿಸಿದ್ದ.

"ತಲೆ ಸರಿ ಅದ್ಯಾ ನಿಂಗೆ? ಆ ಬೋಳು ಜಾಗಕ್ಕೆ ಎಂತಕ್ಕೆ ಇಷ್ಟ್ ಕಾವಲು?" ಎಂದು ಒಮ್ಮೆ ಗದರಿದ್ದೆ.

"ಇರ್ಲಿ ಕಲ್ಪನಕ್ಕ," ಎಂದಿದ್ದ.

ಹೋದ ವಾರ ಅವನ ಅಪೆಂಡಿಕ್ಸ್ ಒಡೆಯಿತು. ಹೊನ್ನಾವರದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಶಿರಾಲಿಯ ನಾಗಭೂಷಣನಿಗೆ ಪಾಸ್‌ವರ್ಡ್ ಕಳಿಸಿದ. ಆಪರೇಷನ್ನಿಗೆ ಒಳಗೆ ಹೋಗುವಾಗ ಫೋನನ್ನು ಹೆಂಡತಿ ದೀಪಾಳ ಕೈಗಿಟ್ಟು, "ಭೂಷಣ ಎಂತಾದ್ರೂ ಕೇಳಿದ್ರೆ ಆತು ಅನ್ನು. ಅಂವಂಗೆ ಎಲ್ಲಾ ಗೊತ್ತದೆ" ಎಂದನಂತೆ.

ಅವನು ಒಳಗಿದ್ದಾಗಲೇ ವೈರಿಗಳು ಬಂದರು. ದೊಡ್ಡದಕ್ಕೂ ಸಣ್ಣಿಗೂ ಒಟ್ಟಿಗೆ ದಾಳಿ. ಎರಡನ್ನೂ ಉಳಿಸುವಷ್ಟು ಸೈನ್ಯವಿಲ್ಲ. ಸಣ್ಣಿಯ ಕಾವಲನ್ನು ಎಳೆದುಕೊಂಡರೆ ದೊಡ್ಡದು ಉಳಿಯುತ್ತದೆ. ನಾಗಭೂಷಣ ನೇಮದ ಮನುಷ್ಯ, ಕೇಳದೆ ಮಾಡುವವನಲ್ಲ. ಆದರೆ ಅವನ ಮನೆಯ ಕಡೆ ಹೆಣ್ಣುಮಕ್ಕಳಿಗೆ ಸಣ್ಣಿ ಎಂದು ಹೆಸರಿಡುವ ರೂಢಿಯಿಲ್ಲ. ದೊಡ್ಡದು ಇದ್ದ ಮೇಲೆ ಸಣ್ಣಿ ಎಂದರೆ ಸಣ್ಣ ಹಳ್ಳಿ ಎಂದೇ ಓದಿಕೊಂಡಿದ್ದ. ನಾನೂ ಹಾಗೆಯೇ ಓದಿದ್ದೆ. "ಸಣ್ಣದು ಬಿಟ್ಟುಬಿಡ್ಲಾ? ದೊಡ್ಡದು ಉಳೀತದೆ" ಎಂದು ಅವನು ಉದಯನ ಫೋನಿಗೆ ಬರೆದ.

ಆಪರೇಷನ್ ಕೋಣೆಯ ಬಾಗಿಲನ್ನೇ ನೋಡುತ್ತ ಕೂತಿದ್ದ ದೀಪಾ "ಆತು" ಎಂದು ಬರೆದಳು.

ಉದಯನಿಗೆ ಗಂಜಿ ಕೊಡಬಹುದು ಎಂದು ಡಾಕ್ಟರು ಹೇಳಿದ ದಿನ ನಾನು ಬಸ್ಸು ಹತ್ತಿ ನೋಡಲು ಹೋದೆ. ದೀಪಾ ಕೆಳಗೆ ಕ್ಯಾಂಟೀನಿಗೆ ಹೋಗಿದ್ದಳು. ಅವನು ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದ.

"ಭೂಷಣ ನಿನ್ನ ಮಾನ ಉಳಿಸ್ದ ಮಾರಾಯ," ಎಂದೆ ನಾನು, ದೊಡ್ಡದು ಉಳಿದ ಖುಷಿಯಲ್ಲಿ.

ಅವನು ನಕಾಶೆ ತೋರಿಸಿದ. ಕೆರೆಯ ಪಕ್ಕದಲ್ಲಿ ಬರೀ ಹುಲ್ಲು. ಸುಟ್ಟುಹೋದ ಹಳ್ಳಿಯ ಹೆಸರನ್ನೂ ಆಟ ಉಳಿಸುವುದಿಲ್ಲ.

"ಅದು ನನ್ನ ಅಜ್ಜಿ ಹೆಸ್ರು, ಕಲ್ಪನಕ್ಕ. ಮಗೀಗೆ ಮನೇಲಿ ಅದೇ ಹೆಸ್ರಿಟ್ಟು ಕರೀತಿದ್ವು, ಸಣ್ಣಿ ಅಂತ. ಕೆರೆ ಅಂದ್ರೆ ಜೀವ ಬಿಡ್ತಿತ್ತು ಅದು."

ನನಗೆ ಮೈಯೆಲ್ಲ ಉರಿಯಿತು. ಯಾರನ್ನಾದರೂ ಬಾಯಿಗೆ ಬಂದ ಹಾಗೆ ಬೈಯಬೇಕು ಅನ್ನಿಸಿತು. ಬೈಯೋಣವೆಂದರೆ ಒಬ್ಬರೂ ಸಿಗಲಿಲ್ಲ. ಕೇಳಬೇಕಾದವನು ಕೇಳಿದ್ದ, ಉತ್ತರವೂ ಬಂದಿತ್ತು, ನನ್ನ ನೇಮ ಎಲ್ಲೂ ತಪ್ಪಿರಲಿಲ್ಲ. ಆ ನೇಮವನ್ನು ಒಲೆಗೆ ಹಾಕಬೇಕು.

"ದೀಪಾಗೆ ಗೊತ್ತದ್ಯಾ?"

"ಆ ಹಳ್ಳಿ ಇತ್ತು ಅಂತ್ಲೇ ಅವ್ಳಿಗೆ ಗೊತ್ತಿಲ್ಲ. ಆಟ ಕಂಡ್ರೆ ಆಗೂದಿಲ್ಲ ಅಂತ ನಾ ತೋರ್ಸಿರ್ಲಿಲ್ಲ. ನೀನೂ ಹೇಳ್ಬೇಡ ಅಕ್ಕ."

ಅಷ್ಟರಲ್ಲಿ ದೀಪಾ ಗಂಜಿಯ ಲೋಟ ಹಿಡಿದು ಬಂದಳು. ನಿದ್ದೆ ಕೆಟ್ಟು ಅವಳ ಕಣ್ಣುಗಳು ಒಳಗೆ ಹೋಗಿದ್ದವು. ಸೆರಗಿನಿಂದ ಚಮಚ ಒರೆಸುತ್ತ ನನ್ನನ್ನು ಕೇಳಿದಳು: "ಅವತ್ತು ಭೂಷಣಣ್ಣ ಎಂತೋ ಕೇಳಿದ್ರು ಅಕ್ಕ. ನಂಗೆ ಒಂದೂ ತಲೆಗೆ ಹೋಗ್ಲಿಲ್ಲ. ಇವ್ರು ಹೇಳಿದ್ರಲ್ಲ ಅಂತ ಆತು ಅಂದ್ಬಿಟ್ಟೆ. ತಪ್ಪಾಗ್ಲಿಲ್ಲ ಅಲ್ದಾ?"

ಊರಿಗೆಲ್ಲ ಬುದ್ಧಿ ಹೇಳುವ ನಾನು ಅವಳ ಕೈಯಿಂದ ಗಂಜಿಯ ಲೋಟ ಇಸಿದುಕೊಂಡೆ.

"ಸರೀನೇ ಆತು. ದೊಡ್ಡದು ಉಳೀತಲ್ಲ," ಎಂದು ಉದಯನೇ ಹೇಳಿ, ಅವಳು ಹಿಡಿದ ಚಮಚಕ್ಕೆ ಬಾಯಿ ತೆರೆದ.