ಎರಡಿಂಚು ಕೊಡುವ ಕೋಚ್ ಟಿಬ್ಸ್

ಕೋಚ್ ವರ್ನಲ್ ಟಿಬ್ಸ್ ಯಾವ ಬಾಗಿಲು ದಾಟುವಾಗಲೂ ತಲೆ ತಗ್ಗಿಸುತ್ತಾರೆ. ಅದು ನಮ್ಮ ಹ್ಯಾಟ್ಲಿಯ ಚರ್ಚಿನ ಬಾಗಿಲಾಗಿರಲಿ, ಮೀನು ಕರಿದು ಬಡಿಸುವ ಓಪಲ್ ಅಮ್ಮನ ಹೋಟೆಲಿನದಾಗಿರಲಿ, ಆನೆ ಅಂಬಾರಿ ಸಮೇತ ನುಗ್ಗಬಹುದಾದ ಜಿಲ್ಲಾ ನ್ಯಾಯಾಲಯದ್ದಾಗಿರಲಿ, ಹೊಸ್ತಿಲು ಹತ್ತಿರವಾದಂತೆ ಅವರ ಹೆಜ್ಜೆ ಒಂದಿಷ್ಟು ನಿಧಾನವಾಗುತ್ತದೆ, ಬಲಗೈ ಟೋಪಿಯ ಮೇಲಕ್ಕೆ ಹೋಗುತ್ತದೆ, ಕತ್ತು ಗಂಭೀರವಾಗಿ ಬಾಗುತ್ತದೆ, ಮತ್ತು ಈ ಲೋಕದ ಬಡಗಿಗಳೆಲ್ಲ ತಮ್ಮಂಥವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವಲ್ಲ ಎಂಬ ಮೃದುವಾದ ಅಸಮಾಧಾನದೊಡನೆ ಅವರು ಒಳಗೆ ಬರುತ್ತಾರೆ. ಅವರ ಟೋಪಿಗೂ ಬಾಗಿಲಿನ ಮೇಲುಪಟ್ಟಿಗೂ ನಡುವೆ ಹೆಚ್ಚುಕಡಿಮೆ ಒಂದಡಿ ಬರೀ ಗಾಳಿ ಇರುತ್ತದೆ. ಮದುವೆಯಾದ ಹೊಸತರಲ್ಲಿ ಅವರ ಹೆಂಡತಿ ಮರ್ಲೀನ್, "ವರ್ನಲ್, ಬಾಗ್ಲು ನಿನಗೇನೂ ಮಾಡಲ್ಲ, ಸುಮ್ನೆ ಒಳಗೆ ಬಾ" ಎಂದಿದ್ದರಂತೆ. ಆಮೇಲೆ ಅವರೂ ಹೇಳುವುದನ್ನು ಬಿಟ್ಟರು.

ತಮ್ಮ ಎತ್ತರ ಆರಡಿ ಎಂದು ಕೋಚ್ ಮೂವತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದರು. ಈ ಮಾತಿಗೆ ಆಧಾರವಾಗಿ ಹಿಮ್ಮಡಿ ದಪ್ಪನಾದ ಒಂದು ಜೊತೆ ಬೂಟುಗಳಿದ್ದವು, ತೊಡೆಯವರೆಗೆ ಇಳಿಬೀಳುವ, ಇನ್ನೂ ಬೆಳೆಯಲಿರುವ ಹುಡುಗನಿಗೆ ಹೊಲಿಸಿದಂತಿದ್ದ ಶಾಲೆಯ ಕೆಂಗಂದು ಬಣ್ಣದ ಕೋಟು ಇತ್ತು, ಮತ್ತು ಯಾರೊಡನೆ ಮಾತನಾಡುವಾಗಲೂ ಕಾಲ್ಬೆರಳ ತುದಿಯ ಮೇಲೆ ತುಸು ಏರಿ ನಿಲ್ಲುವ ಅಭ್ಯಾಸವಿತ್ತು. ಸಂತೋಷವಾದರೆ ಇನ್ನೂ ತುಸು ಏರುತ್ತಿದ್ದರು. ಅವರನ್ನು ಅಳೆದು ನೋಡುವ ಧೈರ್ಯ ಮಾತ್ರ ಊರಿನಲ್ಲಿ ಯಾರಿಗೂ ಇರಲಿಲ್ಲ. ಅಥವಾ ಮನಸ್ಸಿರಲಿಲ್ಲ ಎನ್ನಬೇಕು, ಏಕೆಂದರೆ ತಮಗೆ ತಾವು ಕೊಟ್ಟುಕೊಂಡದ್ದನ್ನು ಆ ಮನುಷ್ಯ ಊರಿನ ಮಕ್ಕಳಿಗೂ ಧಾರಾಳವಾಗಿ ಹಂಚುತ್ತಿದ್ದರು.

ಪೂರ್ವ ಟೆಕ್ಸಸ್ಸಿನ ನಮ್ಮ ಸೀಮೆಯಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಓಡುವವನನ್ನು ನೆಲಕ್ಕೆ ಕೆಡಹುವ ಆಟ. ಹೈಸ್ಕೂಲಿನ ಕೊನೆಯ ವರ್ಷ ಕಾಲೇಜಿನವರು ಹುಡುಗರನ್ನು ಆರಿಸಿಕೊಳ್ಳುತ್ತಾರೆ. ಆರಿಸಿದವನಿಗೆ ಓದು, ಊಟ, ವಸತಿ ಎಲ್ಲ ಪುಕ್ಕಟೆ. ಆರಿಸದೆ ಬಿಟ್ಟವನಿಗೆ ಮರ ಕೊಯ್ಯುವ ಮಿಲ್ಲು, ಇಲ್ಲವೆ ಕೋಳಿ ಫಾರಂ. ಆರಿಸಲು ಹೊರಟವರು ಮೊದಲು ಕೇಳುವ ಪ್ರಶ್ನೆಗಳು ಎರಡೇ: ಹುಡುಗ ಎಷ್ಟು ದೊಡ್ಡವನು, ನಲವತ್ತು ಗಜವನ್ನು ಎಷ್ಟು ಬೇಗ ಓಡುತ್ತಾನೆ. ಅವನ ಧೈರ್ಯ, ಬುದ್ಧಿ, ಸೋತ ದಿನ ಅವನು ಮನೆಗೆ ಹೋಗುವ ರೀತಿ, ಇವೆಲ್ಲ ಆಮೇಲಿನ ಮಾತು, ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೋಚ್ ಟಿಬ್ಸರಿಗೆ ಇದು ಶುದ್ಧ ಅನ್ಯಾಯವಾಗಿ ಕಾಣುತ್ತಿತ್ತು. ಅನ್ಯಾಯವನ್ನು ತಿದ್ದಲು ಅವರು ತಮಗೆ ತಿಳಿದ ದಾರಿ ಹಿಡಿದರು.

ಕಾಲೇಜುಗಳಿಗೆ ಅವರು ಕಳಿಸುವ ಹಾಳೆಯಲ್ಲಿ ಹ್ಯಾಟ್ಲಿಯ ಪ್ರತಿ ಹುಡುಗನೂ ಎರಡಿಂಚು ಎತ್ತರವಾಗುತ್ತಿದ್ದ. ತೂಕ ನೋಡುವ ದಿನ ಹುಡುಗರ ಹೊಟ್ಟೆಯಲ್ಲಿ ಬಕೆಟ್ಟುಗಟ್ಟಲೆ ನೀರು, ಜೇಬುಗಳಲ್ಲಿ ಬೀಗ ಮತ್ತು ಬೀಗದ ಕೈಗಳ ಗೊಂಚಲು. ಶಾಲೆಯ ಮೈದಾನ ಹಳ್ಳದ ಕಡೆಗೆ ಇಳಿಜಾರಾಗಿದೆ, ಕೋಚ್ ಹುಡುಗರನ್ನು ಓಡಿಸುತ್ತಿದ್ದುದು ಸದಾ ಹಳ್ಳದ ಕಡೆಗೇ, ಅದೂ ಗಾಳಿ ಬೆನ್ನಿಗೆ ಬೀಸುವವರೆಗೆ ಕಾದು. ಅವರ ಹೆಬ್ಬೆರಳು ಸ್ಟಾಪ್‌ವಾಚನ್ನು ಒತ್ತುವುದು ಹುಡುಗ ಎರಡು ಹೆಜ್ಜೆ ಇಟ್ಟಮೇಲೆ, ನಿಲ್ಲಿಸುವುದು ಗೆರೆ ಇನ್ನೂ ಎರಡು ಹೆಜ್ಜೆ ದೂರವಿರುವಾಗ. ಸಾಮಾನು ಕೋಣೆಯ ಬಾಗಿಲು ಊರಿನಲ್ಲೇ ಅತಿ ಗಿಡ್ಡ, ಹುಡುಗರ ಫೋಟೋ ತೆಗೆಯುವುದು ಅದರ ಮುಂದೆಯೇ. ಅದೇ ಶಾಲೆಯಲ್ಲಿ ಗಣಿತ ಹೇಳಿಕೊಡುವ ಮರ್ಲೀನ್ ಈ ಹಾಳೆಗಳನ್ನು ಬೆರಳಚ್ಚು ಮಾಡಲು ಕೊನೆಯವರೆಗೂ ಒಪ್ಪಲಿಲ್ಲ. ಅದು ಗಣಿತವಲ್ಲ, ಭಕ್ತಿ ಎನ್ನುತ್ತಿದ್ದರು.

ಸ್ಕೌಟುಗಳು, ಅಂದರೆ ಕಾಲೇಜುಗಳ ಪರವಾಗಿ ಊರೂರು ತಿರುಗಿ ಹುಡುಗರನ್ನು ನೋಡುವವರು, ದಡ್ಡರೇನಲ್ಲ. ಅವರು ಯಾವಾಗಲೋ ಇದನ್ನು ಕಂಡುಕೊಂಡು, ಹ್ಯಾಟ್ಲಿಯಿಂದ ಬಂದ ಹಾಳೆಗೆ 'ಟಿಬ್ಸ್ ಸುಂಕ' ವಿಧಿಸುತ್ತಿದ್ದರು. ಎತ್ತರದಲ್ಲಿ ಎರಡಿಂಚು ಕಳೆ, ತೂಕದಲ್ಲಿ ಇಪ್ಪತ್ತು ಪೌಂಡ್ ಇಳಿಸು, ಓಟಕ್ಕೆ ಒಂದಿಷ್ಟು ಸೇರಿಸು, ಉಳಿದದ್ದೇ ಹುಡುಗ. ಸುಂಕದ ವಿಷಯ ಕೋಚರಿಗೂ ಗೊತ್ತಿತ್ತು. ಅವರು ಕೊಡುತ್ತಿದ್ದರು, ಇವರು ಕಳೆಯುತ್ತಿದ್ದರು, ಯಾರಿಗೂ ನಷ್ಟವಿಲ್ಲದೆ ವ್ಯವಹಾರ ನಡೆದುಕೊಂಡು ಹೋಗುತ್ತಿತ್ತು.

ಹೀಗಿರುವಾಗ ಕೆಡ್ರಿಕ್ ಬ್ಲೆಡ್ಸೋ ಬಂದ. ಶಾಲೆಯ ಬಸ್ಸು ಓಡಿಸುವ ರೊನೆಟ್ಟಳ ಒಬ್ಬನೇ ಮಗ. ಅಲ್ಲಿಯವರೆಗೆ ಬಾಸ್ಕೆಟ್‌ಬಾಲ್ ಆಡಿಕೊಂಡಿದ್ದವನು ಕೊನೆಯ ವರ್ಷ ಫುಟ್‌ಬಾಲಿಗೆ ಇಳಿದ. ಸಾಮಾನು ಕೋಣೆಯ ಬಾಗಿಲಲ್ಲಿ ನಿಜವಾಗಿ ಬಾಗಬೇಕಾಗಿದ್ದ ಮೊದಲ ಹುಡುಗ ಅವನೇ. ಅವನು ಮೊದಲ ಸಲ ಓಡಿದಾಗ ಕೋಚ್ ಟಿಬ್ಸರ ಹೆಬ್ಬೆರಳು ತನ್ನ ಕೆಲಸವನ್ನೇ ಮರೆತುಬಿಟ್ಟಿತಂತೆ. ಮತ್ತೆ ಓಡಿಸಿದರು. ಸಂಶಯ ಬಂದು, ಹಳ್ಳಕ್ಕೆ ಬೆನ್ನು ಹಾಕಿ ಏರಿನ ಕಡೆಗೆ ಓಡಿಸಿದರು. ಗಡಿಯಾರ ಆಗಲೂ ಅದನ್ನೇ ಹೇಳಿತು: ನಾಲ್ಕು ಪಾಯಿಂಟ್ ಆರು ಸೆಕೆಂಡು. ಅಷ್ಟು ದೊಡ್ಡ ಮೈ ಅಷ್ಟು ಬೇಗ ಓಡುವುದನ್ನು ನಮ್ಮ ಸೀಮೆ ಕಂಡಿರಲಿಲ್ಲ. ಆ ಸಂಜೆ ಕೋಚ್ ತಮ್ಮ ಜೀವಮಾನದ ಮೊದಲ ಪ್ರಾಮಾಣಿಕ ಹಾಳೆಯನ್ನು ಬರೆದರು: ಆರಡಿ ಐದಿಂಚು, ಇನ್ನೂರ ಮೂವತ್ತೈದು ಪೌಂಡ್, ನಾಲ್ಕು ಪಾಯಿಂಟ್ ಆರು. ಸುಳ್ಳಿಗೆ ಜಾಗವೇ ಇಲ್ಲದ ಹುಡುಗ ಎಂದು ಹೆಮ್ಮೆಪಟ್ಟರು. ಮರ್ಲೀನ್ ಅದನ್ನು ಸಂತೋಷದಿಂದ ಬೆರಳಚ್ಚು ಮಾಡಿದರು.

ಯಾರೂ ಬರಲಿಲ್ಲ. ಕಾಲೇಜುಗಳಲ್ಲಿ ಹಾಳೆ ತಲುಪಿದೊಡನೆ ಎಂದಿನಂತೆ ಸುಂಕ ಕಳೆದರು, ಉಳಿದದ್ದು ಎಲ್ಲೆಡೆ ಸಿಗುವಂಥ ಹುಡುಗ. ಆಟದ ವಿಡಿಯೊ ಕಳಿಸಿದೆವು. ನಿಮ್ಮ ಲೀಗಿನಲ್ಲಿ ಎಲ್ಲರೂ ಗಿಡ್ಡರು, ಯಾರು ನಿಂತರೂ ದೈತ್ಯನಂತೆ ಕಾಣುತ್ತಾನೆ ಎಂದರು. ಬಾಗಿಲ ಮುಂದಿನ ಫೋಟೋ ಕಳಿಸಿದೆವು. ಆ ಬಾಗಿಲನ್ನು ನಾವು ಬಲ್ಲೆವು ಎಂದು ನಕ್ಕರು. ಡಿಸೆಂಬರ್ ಕಳೆಯಿತು, ಜನವರಿ ಅರ್ಧವಾಯಿತು. ಫೆಬ್ರವರಿಯ ಮೊದಲ ವಾರದಲ್ಲಿ ಆಯ್ಕೆಯಾದ ಹುಡುಗರು ಕಾಲೇಜಿನ ಕರಾರಿಗೆ ಸಹಿ ಹಾಕುವ ದಿನ. ಅದು ದಾಟಿದರೆ ಕೆಡ್ರಿಕ್ ಮಿಲ್ಲಿಗೆ.

ಒಂದು ಮಧ್ಯಾಹ್ನ ರೊನೆಟ್ ಬಸ್ಸನ್ನು ಮೈದಾನದ ಪಕ್ಕ ನಿಲ್ಲಿಸಿ ಇಳಿದು ಬಂದಳು. ಅವಳು ಜಗಳವಾಡುವವಳಲ್ಲ. ಕೋಚರ ಎದುರಿಗೆ ನಿಂತು ಕೇಳಿದಳು: "ಕೋಚ್, ಇಷ್ಟು ವರ್ಷ ಊರಿನ ಮಕ್ಕಳಿಗೆಲ್ಲ ಸುಳ್ಳು ಹೇಳಿ ದಾರಿ ಮಾಡ್ಕೊಟ್ರಿ. ನನ್ ಮಗನಿಗೆ ಮಾತ್ರ ನಿಜ ಹೇಳೋಕೆ ಹೋದ್ರಾ?"

ಕೋಚ್ ಅಂದು ಬೆರಳ ತುದಿಯ ಮೇಲೆ ಏರಲಿಲ್ಲ. ಮನೆಗೆ ಹೋಗಿ, ಹೊಸ ಹಾಳೆ ತೆಗೆದು, ಆರಡಿ ಏಳು ಎಂದು ಬರೆಯಲು ಕೂತರು, ಸುಂಕ ಕಳೆದರೂ ಐದು ಉಳಿಯಲಿ ಎಂದು. ಮರ್ಲೀನ್ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡು, ಇದನ್ನು ಕಳಿಸಿದರೆ ಟಿಬ್ಸನಿಗೆ ಪೂರ್ತಿ ತಲೆ ಕೆಟ್ಟಿದೆ ಎನ್ನುತ್ತಾರೆ ಎಂದರು.

"ಲೆಕ್ಕದಿಂದ ಇದು ಬಗೆಹರಿಯಲ್ಲ ವರ್ನಲ್. ನಿನ್ನ ಮಾತು ನಿಜ ಅಂತ ಅವರಿಗೆ ಅನ್ನಿಸ್ಬೇಕು."

"ಅದಕ್ಕೆ ನಾನೇನು ಮಾಡ್ಲಿ?"

ಮರ್ಲೀನ್ ಬಾಗಿಲ ಬಳಿ ಬಿಟ್ಟಿದ್ದ ಆ ದಪ್ಪ ಹಿಮ್ಮಡಿಯ ಬೂಟುಗಳನ್ನು ಒಮ್ಮೆ ನೋಡಿದರಂತೆ, ಅಷ್ಟೆ.

ಮುಂದಿನ ಭಾನುವಾರ ಚರ್ಚು ಮುಗಿದ ಮೇಲೆ ಊರಿಗೆ ಊರೇ ನನ್ನ ಅಂಗಡಿಗೆ ಬಂತು. ನನ್ನದು ದನಗಳ ಮೇವು ಮಾರುವ ಅಂಗಡಿ, ಮೂಟೆ ತೂಗುವ ದೊಡ್ಡ ತಕ್ಕಡಿ ಇದೆ, ಅದು ಯಾರ ಮುಲಾಜೂ ನೋಡುವುದಿಲ್ಲ. ಗೋಡೆಗೆ ಮರ್ಲೀನ್ ಉಕ್ಕಿನ ಟೇಪು ಬಡಿದರು. ಫೋನಿನಲ್ಲಿ ವಿಡಿಯೊ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಕೋಚ್ ಎಂದಿನಂತೆ ತಲೆ ತಗ್ಗಿಸಿ ಒಳಗೆ ಬಂದು, ಒಂದು ಮೂಟೆಯ ಮೇಲೆ ಕೂತು, ಎಲ್ಲರ ಎದುರಿಗೆ ಬೂಟು ಬಿಚ್ಚಿದರು. ಎಡ ಕಾಲುಚೀಲದಲ್ಲಿ ಹೆಬ್ಬೆರಳಿನ ಹತ್ತಿರ ತೂತಿತ್ತು. ಕೋಟು ಕಳಚಿ ನನ್ನ ಕೈಗೆ ಕೊಟ್ಟರು. ಅಷ್ಟು ವರ್ಷ ನೋಡಿದ್ದ ಮನುಷ್ಯ ನನ್ನ ಕಣ್ಣೆದುರೇ ಗೋಡೆಗೆ ಒರಗಿ ಪುಟ್ಟವರಾದರು. ಫೋನಿನ ಕಡೆ ನೋಡಿ ಅವರು ಹೇಳಿದ್ದು ಇಷ್ಟೇ:

"ನಾನು ವರ್ನಲ್ ಟಿಬ್ಸ್. ಮೂವತ್ತು ವರ್ಷದಿಂದ ನಿಮಗೆಲ್ಲ ಆರಡಿ ಅಂತ ಹೇಳ್ಕೊಂಡು ಬಂದಿದೀನಿ. ಈಗ ನೋಡ್ಕೊಳ್ಳಿ."

ಮರ್ಲೀನ್ ಅವರ ನೆತ್ತಿಯ ಮೇಲೆ ಪುಸ್ತಕವಿಟ್ಟು ಓದಿದರು: "ಐದಡಿ ಆರೂವರೆ."

"ಏಳು ಇರ್ಬೇಕಲ್ಲ," ಎಂದರು ಕೋಚ್ ತುಟಿ ಅಲುಗಿಸದೆ.

"ಆರೂವರೆ," ಎಂದರು ಗಣಿತದ ಮೇಡಂ.

ಆಮೇಲೆ ಅದೇ ಗೋಡೆ, ಅದೇ ಟೇಪು, ಕೆಡ್ರಿಕ್. ತಲೆಯ ಮೇಲೆ ಪುಸ್ತಕವಿಡಲು ಮರ್ಲೀನ್ ಮೂಟೆ ಹತ್ತಬೇಕಾಯಿತು. ತಕ್ಕಡಿಯ ಮೇಲೂ ಮೊದಲು ಕೋಚ್, ನಂತರ ಹುಡುಗ. ಅಲ್ಲಿಂದ ಎಲ್ಲರೂ ಮೈದಾನಕ್ಕೆ ನಡೆದೆವು. ಅಲ್ಲೂ ಅದೇ ಕ್ರಮ: ಅರವತ್ತೊಂದು ವಯಸ್ಸಿನ ಕೋಚ್ ಟಿಬ್ಸ್ ಬರಿಗಾಲಿನಲ್ಲಿ, ಏರಿನ ಕಡೆಗೆ, ಎದುರುಗಾಳಿಯಲ್ಲಿ, ನಲವತ್ತು ಗಜ ಓಡಿದರು. ಮಕ್ಕಳು ಸಿಳ್ಳೆ ಹೊಡೆದವು, ಓಪಲ್ ಅಮ್ಮ ಕಣ್ಣು ಮುಚ್ಚಿಕೊಂಡರು, ಯಾರದೋ ನಾಯಿ ಅವರ ಜೊತೆ ಓಡಿ, ಮೊದಲೇ ತಲುಪಿ, ಕಾದು ಕೂತಿತು. ಅವರ ಸಮಯವನ್ನು ಮರ್ಲೀನ್ ಸ್ಪಷ್ಟವಾಗಿ ಓದಿ ಹೇಳಿದರು. ನಾನಿಲ್ಲಿ ಬರೆಯುವುದಿಲ್ಲ, ಅಷ್ಟು ಋಣ ನನ್ನ ಮೇಲಿದೆ. ಅನಂತರ ಕೆಡ್ರಿಕ್ ಅದೇ ಗೆರೆಯಿಂದ ಅದೇ ಗೆರೆಗೆ ಓಡಿದ, ಆಗ ಯಾರೂ ಸಿಳ್ಳೆ ಹೊಡೆಯಲಿಲ್ಲ, ಬಾಯಿ ತೆರೆದುಕೊಂಡು ನೋಡಿದೆವು.

ಅಂದೇ ಕಾಲೇಜುಗಳಿಗೆಲ್ಲ ಕಳಿಸಿದ ಆ ವಿಡಿಯೊ ನೋಡಿ ಮೊದಲು ನಕ್ಕವರು ರಾಜ್ಯದ ಒಂದು ದೊಡ್ಡ ಕಾಲೇಜಿನ ಸ್ಕೌಟ್ ಗ್ರೇಡಿ ವೂಲ್ಸಿ. ಸಹೋದ್ಯೋಗಿಗಳನ್ನೆಲ್ಲ ಕರೆದು ತೋರಿಸಿ ನಕ್ಕರಂತೆ. ಎರಡನೆಯ ಸಲ ನೋಡುವಾಗ ನಗು ನಿಂತಿತಂತೆ. ತನ್ನ ಆರಡಿಯನ್ನೇ ಬಿಟ್ಟುಕೊಟ್ಟ ಟಿಬ್ಸ್ ಇನ್ನು ಯಾವುದಕ್ಕಾಗಿ ಸುಳ್ಳು ಹೇಳಿಯಾನು ಎಂದು ಅನ್ನಿಸಿತಂತೆ. ಗುರುವಾರವೇ ಕಾರು ತೆಗೆದುಕೊಂಡು ಬಂದರು. ಬಂದವರು ತಮ್ಮದೇ ಟೇಪಿನಲ್ಲಿ ಕೆಡ್ರಿಕ್‌ನನ್ನು ಅಳೆದು, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಅಳೆದರು.

"ವರ್ನಲ್, ಕಾಲು ಇಂಚು ಕಮ್ಮಿ ಬರ್ದಿದೀಯಲ್ಲೋ."

ತಮ್ಮ ಕೈಯಿಂದ ಒಬ್ಬ ಹುಡುಗನಿಗೆ ಕಡಿಮೆಯಾಯಿತಲ್ಲ ಎಂದು ಕೋಚ್ ಟಿಬ್ಸರ ಮುಖ ನಿಜಕ್ಕೂ ಬಾಡಿತು. ಕೆಡ್ರಿಕ್ ಓಡಿದ, ವೂಲ್ಸಿ ಎರಡನೆಯ ಸಲ ಓಡಲು ಹೇಳಲೇ ಇಲ್ಲ. ಫೆಬ್ರವರಿಯ ಆ ಬುಧವಾರ ಹುಡುಗ ಶಾಲೆಯ ಸಭಾಂಗಣದಲ್ಲಿ ಸಹಿ ಹಾಕಿದಾಗ, ಬಸ್ಸಿನ ಕೀಲಿಕೈಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ ರೊನೆಟ್ ಹೋಗಿ ಮಗನನ್ನು ಅಪ್ಪಿಕೊಳ್ಳುವ ಮೊದಲು ಕೋಚರನ್ನು ಅಪ್ಪಿಕೊಂಡಳು. ಅವಳು ಅವರಿಗಿಂತ ಎತ್ತರ. ಅವರು ಬೆರಳ ತುದಿಯ ಮೇಲೆ ಏರಿ ನಿಂತರು.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಭಾನುವಾರದ ಮರುದಿನ. ಮೇವಿನ ಅಂಗಡಿಯಲ್ಲಿ ನಡೆದದ್ದು ಊರಿಗೆಲ್ಲ ತಿಳಿದಿತ್ತು, ಐದಡಿ ಆರೂವರೆ ಎಂಬುದು ಮಕ್ಕಳ ಬಾಯಲ್ಲೂ ಇತ್ತು. ಅಂದು ಮಧ್ಯಾಹ್ನ ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಚೀಲ ಇಳಿಸಲು ನಾನು ಹೋಗಿದ್ದೆ. ಕೋಚ್ ಹುಡುಗರನ್ನು ಸಾಲಾಗಿ ಕರೆದುಕೊಂಡು ಜಿಮ್ಮಿನ ಕಡೆಗೆ ಹೊರಟಿದ್ದರು. ಜಿಮ್ಮಿನ ಬಾಗಿಲು ದೊಡ್ಡದು, ಕೆಡ್ರಿಕ್ ಕೂಡ ನೆಟ್ಟಗೆ ದಾಟಬಹುದಾದಷ್ಟು. ಹೊಸ್ತಿಲ ಬಳಿ ಕೋಚರ ಹೆಜ್ಜೆ ನಿಧಾನವಾಯಿತು. ಬಲಗೈ ಅರ್ಧ ಮೇಲೆದ್ದು ಅಲ್ಲೇ ನಿಂತಿತು, ಇನ್ನು ಅದನ್ನು ಏನು ಮಾಡಬೇಕೆಂದು ಅವರಿಗೇ ತಿಳಿಯದಂತೆ. ಕೊನೆಗೆ ಅಭ್ಯಾಸವೇ ಗೆದ್ದು ತಲೆ ತಗ್ಗಿಸಿ ದಾಟಿದರು. ಅವರ ಹಿಂದಿದ್ದ ಕೆಡ್ರಿಕ್ ತಲೆ ತಗ್ಗಿಸಿದ. ಅವನ ಹಿಂದಿನವನೂ ತಗ್ಗಿಸಿದ. ಹಾಗೆಯೇ ಇಡೀ ಸಾಲು, ಕೆಡ್ರಿಕ್‌ನ ಹೆಗಲೆತ್ತರಕ್ಕೂ ಬರದ ಚಿಕ್ಕ ತರಗತಿಯ ಹುಡುಗರವರೆಗೆ, ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಒಳಗೆ ಹೋಯಿತು. ಯಾರೂ ನಗಲಿಲ್ಲ.

ಇಂಥವರು ಊರೂರಲ್ಲೂ ಒಬ್ಬಿಬ್ಬರು ಇರುತ್ತಾರೆ. ಲೋಕ ಅಳೆಯುವ ಕೋಲು ಅವರಿಗೆ ಎಂದೂ ಒಗ್ಗುವುದಿಲ್ಲ, ತಮ್ಮನ್ನೂ ತಮ್ಮವರನ್ನೂ ತುಸು ದೊಡ್ಡದಾಗಿಯೇ ನೋಡುತ್ತಾರೆ. ಅದು ಬಡಾಯಿಯೋ ಪ್ರೀತಿಯೋ ಎಂದು ನಾವು ತಲೆಕೆಡಿಸಿಕೊಳ್ಳುತ್ತೇವೆ. ಯಾರಿಗಾಗಿಯೋ ಅವರು ಬೂಟು ಬಿಚ್ಚಿ ಗೋಡೆಗೆ ನಿಲ್ಲುವ ದಿನದವರೆಗೆ ಅದು ನಮಗೆ ತಿಳಿಯುವುದಿಲ್ಲ. ಈ ವರ್ಷದ ಹಾಳೆ ಮೊನ್ನೆ ಹೊರಟಿತು. ಓಪಲ್ ಅಮ್ಮನ ಮೊಮ್ಮಗನಿಗೆ ಎಂದಿನಂತೆ ಎರಡಿಂಚು ಸಿಕ್ಕಿದೆ, ವೂಲ್ಸಿ ಎಂದಿನಂತೆ ಕಳೆದಿದ್ದಾರೆ, ಆದರೂ ಒಮ್ಮೆ ಬಂದು ನೋಡುತ್ತೇನೆ ಎಂದಿದ್ದಾರಂತೆ. ನಾನೂ ಒಂದು ಕಾಲಕ್ಕೆ ಆ ಹಾಳೆಯಲ್ಲಿದ್ದವನು. ಯಾವ ಕಾಲೇಜೂ ನನ್ನನ್ನು ಕರೆಯಲಿಲ್ಲ. ನನ್ನ ನಿಜವಾದ ಎತ್ತರ ಐದಡಿ ಒಂಬತ್ತು, ಎತ್ತರವನ್ನೂ ನಮೂದಿಸುವ ನಮ್ಮ ಡ್ರೈವಿಂಗ್ ಲೈಸೆನ್ಸಿನಲ್ಲಿ ಇಂದಿಗೂ ಐದಡಿ ಹನ್ನೊಂದೆಂದಿದೆ, ತಿದ್ದಿಸುವ ಯೋಚನೆ ನನಗಿಲ್ಲ.