ಕೀಲಿಕೈಯ ಹಲ್ಲಿನ ಕುಂಕುಮ

ಅರವತ್ತೇಳು, ವಿಳಾಸ ದಾಖಲಿಸುವ ಕಛೇರಿಯ ಗೋಡೆಯ ಮೇಲಿನ ಕೆಂಪು ಅಂಕಿ ಟಿಂಗ್ ಎಂದು ಬದಲಾಯಿತು, ನನ್ನ ಚೀಟಿಯಲ್ಲಿ ಎಪ್ಪತ್ತನಾಲ್ಕು, ಇದು ಎರಡನೆಯ ಚೀಟಿ, ಮೊದಲನೆಯದು ಐವತ್ತೆಂಟು, ಅದನ್ನು ಕರೆದಾಗ ಹೋಗಿ ಕೂತು, ಕೇಳಬಾರದ್ದನ್ನು ಕೇಳಿ, ಯೋಚಿಸಿ ಬರುತ್ತೇನೆ ಎಂದು ಎದ್ದು ಬಂದೆ — ಕೌಂಟರಿನ ಹೆಂಗಸು ಒಳ್ಳೆಯವಳೇ, ಮೆಲ್ಲಗೆ ಬಿಡಿಸಿ ಬಿಡಿಸಿ ಸ್ವೀಡಿಷ್ ಮಾತಾಡಿದಳು, ಪದ್ಮಿನಿ, ನೀನು ಹೇಳುವ ಸೋಲ್ನಾದ ಆ ವಿಳಾಸದಲ್ಲಿ ನಿನ್ನ ಹೆಸರೂ ಇಲ್ಲ ನಿನ್ನ ಮಗಳದ್ದೂ ಇಲ್ಲ, ಇರುವುದು ಬೇರೆ ಇಬ್ಬರದು, ಇದೇನು ಗುಟ್ಟಲ್ಲ, ಯಾರು ಕೇಳಿದರೂ ಹೇಳುತ್ತೇವೆ, ಎಂದು ಪರದೆ ನನ್ನತ್ತ ತಿರುಗಿಸಿದಳು, ಶೋಭನಾ, ಸ್ಕಂದ. ಆ ಮನೆ ನನಗೆ ಬಾಡಿಗೆಗೆ ಕೊಟ್ಟ ಶೋಭನಕ್ಕ ಮತ್ತು ಅವರ ಮಗ. ಅವರು ಇರುವುದು ದೂರದ ಯೋನ್‌ಶೋಪಿಂಗ್‌ನಲ್ಲಿ, ರಮಾನಂದ ಭಾವನ ಕೆಲಸ ಅಲ್ಲಿ, ಸ್ಕಂದ ಹೋಗುವ ಶಾಲೆಯೂ ಅಲ್ಲೇ, ಹೋದ ತಿಂಗಳು ತಾನೇ ಅವರ ಅಡುಗೆಮನೆಯಲ್ಲಿ ನಿಂತು ನಾನೇ ಒಬ್ಬಟ್ಟು ತಟ್ಟಿಕೊಟ್ಟು ಬಂದೆ. ಆದರೆ ಕಾಗದದಲ್ಲಿ ಅವರು ನನ್ನ ಮನೆಯಲ್ಲಿದ್ದಾರೆ, ನಾನು ಮಲಗುವ ಕೋಣೆಯಲ್ಲಿ, ಗಂಡ ಜೊತೆಗಿಲ್ಲದ ಹೆಂಗಸಾಗಿ — ಜೇಬಿನಲ್ಲಿ ಕೀಲಿಕೈ ತಣ್ಣಗಿದೆ, ಹೆಬ್ಬೆರಳು ಅದರ ಹಲ್ಲುಗಳನ್ನು ಒಂದೊಂದಾಗಿ ಸವರುತ್ತಿದೆ, ಅರವತ್ತೆಂಟು, ಮಗು ಎತ್ತಿಕೊಂಡ ಗಂಡಸೊಬ್ಬ ಎದ್ದು ಹೋದ.

ಮನೆ ಬಾಡಿಗೆಗೆ ಸರ್ಕಾರ ನೆರವು ಕೊಡುತ್ತದೆ ಎಂದು ನನಗೆ ಮೊದಲು ಹೇಳಿದವಳು ವಿನೀತಾ, ಮಂಗಳೂರಿನವಳು, ಡಾಗಿಸ್ ಎನ್ನುವ ಇಲ್ಲಿನ ಶಿಶುವಿಹಾರದ ಅಡುಗೆಮನೆಯಲ್ಲಿ ನನ್ನ ಜೊತೆ ಆಲೂಗಡ್ಡೆ ಸುಲಿಯುವವಳು, ನೀವು ಅರ್ಜಿ ಹಾಕಿ ಪದ್ಮಿನಿ, ನಾಚಿಕೆ ಎಂಥದ್ದು, ನಿಮ್ಮ ಹಾಗಿರುವವರಿಗೇ ಇಟ್ಟದ್ದಲ್ವಾ ಅದು. ಅವಳು ಹೇಳಿದ ನಿಯಮಗಳನ್ನು ನಾನು ಪದ್ಯದ ಹಾಗೆ ಬಾಯಿಪಾಠ ಮಾಡಿಕೊಂಡೆ, ಮನೆಯಲ್ಲಿ ಮಗುವಿರಬೇಕು, ಸಂಪಾದನೆ ಕಡಿಮೆಯಿರಬೇಕು, ಇಡೀ ವರ್ಷದಲ್ಲಿ ಎಷ್ಟು ಬಂದೀತು ಎಂದು ಮೊದಲೇ ಅಂದಾಜು ಬರೆದುಕೊಡಬೇಕು, ಅಂದಾಜು ತಪ್ಪಿದರೆ ಆಮೇಲೆ ವಾಪಸು ಕೇಳುತ್ತಾರೆ, ಮನೆ ಎಷ್ಟು ದೊಡ್ಡದು, ಬಾಡಿಗೆ ಎಷ್ಟು, ಜೊತೆಗೆ ಇನ್ನೊಬ್ಬ ದೊಡ್ಡವರಿದ್ದರೆ ಅವರ ಸಂಬಳವೂ ಲೆಕ್ಕಕ್ಕೆ, ಮತ್ತು ಎಲ್ಲಕ್ಕೂ ಮೊದಲು ಆ ಮನೆಯಲ್ಲಿ ನಿನ್ನ ಹೆಸರು ದಾಖಲಾಗಿರಬೇಕು — ಅಲ್ಲಿಯೇ ನಿಂತುಹೋಯಿತು, ನನ್ನ ಹೆಸರು ಇನ್ನೂ ಹಳೆಯ ಮನೆಯಲ್ಲಿದೆ, ನನ್ನ ಗಂಡ ರಾಜಗೋಪಾಲ ಉತ್ತರದ ಲುಲೆಯೊಗೆ ಹೋಗಿ ಅಲ್ಲಿಂದಲೇ ಇನ್ನು ಬರುವುದಿಲ್ಲ ಎಂದು ಕಾಗದ ಬರೆದ ಮೇಲೆ ನಾವು ಬಿಟ್ಟುಬಂದ ಮನೆಯಲ್ಲಿ. ಮೊನ್ನೆ ನೆರವಿನ ಕಛೇರಿಯಿಂದ ಉತ್ತರ ಬಂತು, ನೀನು ಇರುವ ಮನೆಯಲ್ಲಿ ನೀನು ದಾಖಲಾಗಿಲ್ಲ, ಆದ್ದರಿಂದ ಇಲ್ಲ. ನೆರವು ಬಾರದೆ ಈ ಚಳಿಗಾಲ ದಾಟುವುದಿಲ್ಲ, ಮನೆ ಬಿಟ್ಟರೆ ಮಗಳು ನಿವೇದಿತಾಳನ್ನು ಕರೆದುಕೊಂಡು ಎಲ್ಲಿಗೆ, ಇಲ್ಲಿ ಮನೆಯ ಸರದಿಗೆ ಹೆಸರು ಬರೆಸಿ ಹತ್ತು ವರ್ಷ ಕಾಯುವವರಿದ್ದಾರೆ — ಅವಳು ಒಂದು ದಿನ ಕೇಳಿದ್ದಳು, ಅಮ್ಮಾ, ವೈ ಈಸ್ ಅವರ್ ನೇಮ್ ನಾಟ್ ಆನ್ ದ ಡೋರ್, ಎಲ್ಲರ ಬಾಗಿಲ ಮೇಲೂ ಹೆಸರಿದೆ, ಪತ್ರ ಹಾಕುವ ಸಂದಿಯ ಮೇಲೆ, ಬಣ್ಣದ ಪೆನ್ಸಿಲಿನಲ್ಲಿ ಅವಳೇ ಬರೆದು ಅಂಟಿಸಿದಳು, ಪದ್ಮಿನಿ ನಿವೇದಿತಾ, ಪಕ್ಕದಲ್ಲೊಂದು ಹೂವು. ಮುಂದಿನ ಸಲ ಬಂದಾಗ ಶೋಭನಕ್ಕ ಅದನ್ನು ಉಗುರಿನಿಂದ ನಿಧಾನವಾಗಿ ಎಬ್ಬಿಸಿ, ಹರಿಯದ ಹಾಗೆ ತೆಗೆದು ಅವಳ ಕೈಯಲ್ಲೇ ಕೊಟ್ಟರು, ಚಿನ್ನೂ, ಇದನ್ನ ಒಳಗಡೆ ಅಂಟಿಸ್ಕೋ, ಆಚೆ ಬೇಡ. ಎಷ್ಟು ಮೃದು ಕೈ ಎಂದುಕೊಂಡೆ.

ಆ ಮೃದುತನಕ್ಕೇ ಅಲ್ಲವೇ, ಆ ಕಂಠಕ್ಕೇ ಅಲ್ಲವೇ ನಾನು ಸೋತದ್ದು. ಚಾಮರಾಜಪೇಟೆಯ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ತಾತ ಷಟ್ಪದಿ ಓದುತ್ತಿದ್ದರು, ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ, ಹಾಗೆ ರಾಗವಾಗಿ ಓದಲು ನನಗೆ ಬರಲೇ ಇಲ್ಲ, ಕೇಳಲು ಮಾತ್ರ ಬಂತು, ಮೂರನೆಯ ಸಾಲಿನ ಕೊನೆಯಲ್ಲಿ ತಾತ ಉಸಿರು ನಿಲ್ಲಿಸಿದರೆ ನನ್ನ ಉಸಿರೂ ನಿಲ್ಲುತ್ತಿತ್ತು. ಸೋಲ್ನಾದಲ್ಲಿ ತಿಂಗಳಿಗೊಮ್ಮೆ ಕನ್ನಡದವರು ಸೇರುವ ಶನಿವಾರದ ಕಾವ್ಯವಾಚನಕ್ಕೆ ಮೊದಲ ಸಲ ಹೋದಾಗ ಶೋಭನಕ್ಕ ಅದೇ ಜಾಗದಲ್ಲಿ, ಅಷ್ಟೇ ಹೊತ್ತು ಉಸಿರು ನಿಲ್ಲಿಸಿದರು, ಕಣ್ಣು ತುಂಬಿ ಬಂತು, ಹ್ರಸ್ವ ದೀರ್ಘ ತಪ್ಪದೆ ಓದುವವರು ನಡತೆಯಲ್ಲಿ ಹೇಗೆ ತಪ್ಪಿಯಾರು ಎಂದು ನಂಬಿಬಿಟ್ಟೆ, ಬೇರೆ ಯಾರಾದರೂ ಇಂಥ ತಪ್ಪು ಮಾಡುತ್ತಾರೆಯೇ, ರಾಗ ಕೇಳಿ ಬಾಡಿಗೆಗೆ ಹೋಗುತ್ತಾರೆಯೇ. ಮನೆ ಕೊಟ್ಟ ದಿನ ದೇವರ ಮುಂದೆ ಮಣೆ ಹಾಕಿ ಕೂರಿಸಿ, ತಟ್ಟೆಯಲ್ಲಿ ಅರಿಶಿನ ಕುಂಕುಮ, ಎರಡು ಬಾಳೆಹಣ್ಣು, ರವಿಕೆ ಕಣ, ಅದರ ಮೇಲೆ ಕೀಲಿಕೈ ಇಟ್ಟು ಕೊಟ್ಟರು, ಕರಾರು ಪತ್ರ ಗಿತ್ರ ಯಾಕಮ್ಮ ನಮ್ಮನಮ್ಮಲ್ಲಿ, ದೇವರೇ ಸಾಕ್ಷಿ ಅಂತ ಇಟ್ಕೋ. ನಾನು ಸೆರಗೊಡ್ಡಿ ತೆಗೆದುಕೊಂಡೆ, ಕಾಲಿಗೆ ಬಿದ್ದೆ. ಕೀಲಿಕೈಯ ಹಲ್ಲಿನ ಸಂದಿಯಲ್ಲಿ ಒದ್ದೆ ಕುಂಕುಮ ಸೇರಿಕೊಂಡಿತ್ತು, ಒರೆಸಲು ಮನಸ್ಸಾಗಲಿಲ್ಲ, ಇವತ್ತಿಗೂ ಒರೆಸಿಲ್ಲ. ಎಪ್ಪತ್ತೊಂದು.

ಲಕೋಟೆಗಳು — ಅಯ್ಯೋ, ಆ ಲಕೋಟೆಗಳು. ತಿಂಗಳು ತಿಂಗಳೂ ಬಾಗಿಲ ಸಂದಿಯಿಂದ ಬೀಳುತ್ತಿದ್ದವು, ಕಿಟಕಿಯಂಥ ಪಾರದರ್ಶಕ ಜಾಗದಲ್ಲಿ ಶೋಭನಕ್ಕನ ಹೆಸರು, ನಾನು ಒಡೆಯದೆ ದೇವರ ಗೂಡಿನ ಪಕ್ಕ ಇಟ್ಟು, ಸೋಮವಾರ ಅಂಚೆಚೀಟಿ ಹಚ್ಚಿ ಯೋನ್‌ಶೋಪಿಂಗ್‌ಗೆ ಕಳಿಸುತ್ತಿದ್ದೆ, ಮೂಲೆಯಲ್ಲಿದ್ದ ಆ ಮುದ್ರೆ, ಮೊನ್ನೆ ನನಗೆ ಇಲ್ಲ ಎಂದು ಬಂದ ಪತ್ರದ ಮೇಲೂ ಅದೇ ಮುದ್ರೆ, ಈಗ ಕೂತಲ್ಲೇ ಕಣ್ಣಿಗೆ ಕಟ್ಟುತ್ತಿದೆ. ನಾನು ಬಾಡಿಗೆ ಕೊಡುವ ಮನೆಗೆ ಅವರಿಗೆ ನೆರವು, ಮತ್ತು ಅದರ ಕಾಗದಗಳನ್ನು ಅವರಿಗೆ ತಲುಪಿಸಿದ ಕೈ ನನ್ನದೇ. ಮೊದಲ ಸಲ ಕೌಂಟರಿನಿಂದ ಎದ್ದು ಬಂದವಳೇ ಫೋನ್ ಮಾಡಿದೆ, ಮಾಡಬಾರದಿತ್ತು, ಅಕ್ಕಾ ನೀವು ನೆರವು ತಗೋತಿದ್ದೀರಾ ಎಂದು ಕೇಳಿದೆ, ಆ ಕಡೆ ಮೂರನೆಯ ಸಾಲಿನ ಕೊನೆಯ ಅದೇ ನಿಂತ ಉಸಿರು, ಆಮೇಲೆ ಅದೇ ಸಿಹಿ ಕಂಠ, ನೋಡು ಪದ್ಮಿನಿ, ಎಲ್ಲಾರೂ ಮಾಡೋದೇ ಇದು, ಊರಲ್ಲಿ ಮನೆ ಸಿಗದೆ ಒದ್ದಾಡ್ತಿದ್ದಾಗ ಕರೆದು ಕೊಟ್ಟೋಳು ನಾನು, ಅಲ್ಲಿ ಹೋಗಿ ಹೆಸರು ಗಿಸರು ಅಂತ ಶುರು ಮಾಡಿದ್ರೆ ಮನೆ ನಿಂಗೂ ಇಲ್ಲ ನಂಗೂ ಇಲ್ಲ, ಮಗು ಮುಖ ನೋಡ್ಕೊಂಡು ಯೋಚ್ನೆ ಮಾಡು. ಮತ್ತೆ, ಏನೂ ಆಗಿಲ್ಲವೆಂಬಂತೆ, ಶನಿವಾರ ಬರ್ತೀಯಲ್ಲ, ನಾನೇ ಓದ್ತಿರೋದು, ನೀನು ಎದುರಿಗೆ ಕೂತಿದ್ರೆ ಚೆನ್ನಾಗಿ ಬರತ್ತೆ ಕಣೇ.

ಎಪ್ಪತ್ತಮೂರು ಯಾರೂ ಏಳಲಿಲ್ಲ, ಎಪ್ಪತ್ತನಾಲ್ಕು, ಟಿಂಗ್, ಕಾಲು ತಾನಾಗಿ ನಡೆಯುತ್ತಿದೆ, ಅದೇ ಹೆಂಗಸು, ನಗುತ್ತಾಳೆ, ಯೋಚಿಸಿದೆಯಾ, ಹಾಳೆಯೊಂದನ್ನು ನನ್ನ ಕಡೆ ಸರಿಸುತ್ತಾಳೆ, ಈ ಮನೆಯಲ್ಲಿ ನಿಜವಾಗಿ ಯಾರು ವಾಸವಿದ್ದಾರೆ, ಹೆಸರು ಬರೆ, ಪೆನ್ನು ಇಲ್ಲಿದೆ, ಬರೆದರೆ ಶನಿವಾರವಿಲ್ಲ, ಆ ಕಂಠವಿಲ್ಲ, ಬಹುಶಃ ಮನೆಯೂ ಇಲ್ಲ, ಬರೆಯದಿದ್ದರೆ ನಾನು ಎಲ್ಲಿಯೂ ಇಲ್ಲ, ನಿವೇದಿತಾಳ ಹೂವು ಬಾಗಿಲ ಒಳಗಡೆಯೇ — ಅಲ್ಲಿ ಇರುವುದಕ್ಕೆ ಏನಾದರೂ ಆಧಾರವಿದೆಯಾ, ಕರಾರು, ರಸೀದಿ, ಏನಾದರೂ, ಎಂದು ಅವಳು ಕೇಳುತ್ತಾಳೆ, ನನ್ನ ಕೈ ಜೇಬಿನಿಂದ ಬಂದು ಬಿಳಿಯ ಕೌಂಟರಿನ ಮೇಲೆ ಇರುವ ಒಂದನ್ನೇ ಇಡುತ್ತದೆ, ಅವಳು ಬಗ್ಗಿ ನೋಡುತ್ತಾಳೆ, ತುಕ್ಕಾ ಇದು ಎನ್ನುತ್ತಾಳೆ, ನಾನು ಪೆನ್ನು ಎತ್ತಿಕೊಂಡಿದ್ದೇನೆ, ನನ್ನ ಹೆಸರಿನ ಮೊದಲ ಅಕ್ಷರ ಬರೆದಿದ್ದೇನೆ, ಕಣ್ಣು ಮಾತ್ರ ಹಾಳೆಯ ಮೇಲಿಲ್ಲ, ಕೀಲಿಕೈಯ ಹಲ್ಲಿನಲ್ಲಿ ಕುಂಕುಮ, ಒಣಗಿದ ಕುಂಕುಮ, ಹಲ್ಲಿನಲ್ಲಿ