ಹಗೇವಿನೊಳಗಿನ ಏಳು ಗಡಿಯಾರ

"ಲೇ ಬಾಲಪ್ಪ, ಒಮ್ಮಿಗೇ ಇಳೀಬ್ಯಾಡಲೇ! ಗಾಳಿ ಆಡ್ಲಿ ತಡಿ!" ಎಂದು ಅಮರಗುಂಡಪ್ಪ ಸಾಹುಕಾರ ಆಳಿಗೆ ಕೂಗಿದ.

ಹಗೇವಿನ ಬಾಯಿಗೆ ಮುಚ್ಚಿದ್ದ ಚಪ್ಪಡಿ ಆಗಷ್ಟೇ ಸರಿದಿತ್ತು. ಜೋಳ ತುಂಬಿಡಲೆಂದು ಬಳಗಾನೂರಿನ ಆ ಅಂಗಳದಲ್ಲಿ ಸಾಹುಕಾರನ ಅಜ್ಜ ತೋಡಿಸಿದ್ದ ಆಳವಾದ ಗುಂಡಿ ಅದು. ಕಾಲುವೆ ಬಂದು ಊರೆಲ್ಲ ಭತ್ತಕ್ಕೆ ಬಿದ್ದ ಮೇಲೆ ಅದರೊಳಗೆ ಜೋಳ ಇಳಿದಿರಲಿಲ್ಲ. ಸಾಹುಕಾರ ಅಲ್ಲಿ ಗಡಿಯಾರ ಇಟ್ಟಿದ್ದ. ಒಂದಲ್ಲ, ಎರಡಲ್ಲ, ಏಳು! ಎಲ್ಲವೂ ಬಂಗಾರದ ಕವಚದ ವಿಲಾಯ್ತಿ ಕೈಗಡಿಯಾರಗಳು, ಹೈದರಾಬಾದಿನ ನವಾಬರ ಮನೆಗಳಿಂದ ವರ್ಷಕ್ಕೊಂದರಂತೆ ಕೊಂಡು ತಂದವು. ಕಡೆಯದನ್ನು ಇಳಿಸಿ ಚಪ್ಪಡಿ ಮುಚ್ಚಿ ಮೂರು ವರ್ಷವಾಗಿತ್ತು.

ಗುಂಡಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತ ಜಂಗ್ಲಿಸಾಬ ಕತ್ತು ಚಾಚಿ ಒಳಗೆ ಇಣುಕುತ್ತಿದ್ದ. ಸಿಂಧನೂರು ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವವನು. ಒಂದೊಂದು ಗಡಿಯಾರವೂ ಬಂದ ವರ್ಷ ಒಂದು ದಿನ ಅವನ ಕೈಯಲ್ಲಿದ್ದು, ಎಣ್ಣೆ ಬಿಡಿಸಿಕೊಂಡು, ಮರುದಿನವೇ ಕತ್ತಲು ಸೇರಿತ್ತು.

"ಒಂದನ್ನಾದ್ರೂ ಕೈಗೆ ಕಟ್ಕೊಳ್ರಿ ಸಾವ್ಕಾರ್ರ. ಅದು ಓಡಿದ್ರ ಚೆಂದ" ಎಂದು ಅವನು ಪ್ರತಿ ಸಲವೂ ಗೋಗರೆಯುತ್ತಿದ್ದ.

"ಕಟ್ಕೊಂಡ್ರ ಗೀರು ಬೀಳ್ತಾವು, ಕಿಮ್ಮತ್ತು ಇಳೀತೈತಿ. ಇವು ಹೊಲ ಇದ್ದಂಗ, ಇಟ್ಟಷ್ಟೂ ಬೆಲಿ" ಎನ್ನುತ್ತಿದ್ದ ಸಾಹುಕಾರ. ಆದರೆ ಒಂದು ಮಾತು ಕೊಟ್ಟಿದ್ದ. ಮಾರುವ ದಿನ ಏಳಕ್ಕೂ ಚಾವಿ ಕೊಟ್ಟು ಒಟ್ಟಿಗೆ ಕೇಳಲು ಬಿಡುತ್ತೇನೆ ಎಂದು. ಆ ದಿನ ಇಂದು ಬಂದಿತ್ತು; ಸಂಜೆಗೆ ಹೈದರಾಬಾದಿನ ಸೇಠ್ ಬರುವವನಿದ್ದ. "ನಿಕಾ ದಿನಾನೂ ಇಷ್ಟು ಅತ್ತರು ಹಚ್ಚಿದ್ದಿಲ್ಲಲ್ರೀ ನೀವು!" ಎಂದು ಜಂಗ್ಲಿಸಾಬನ ಹೆಂಡತಿ ಹಾಜಿರಾಬೀ ಬೆಳಿಗ್ಗೆ ನಕ್ಕಿದ್ದಳು.

ಬಾಲಪ್ಪ ಹಗ್ಗ ಹಿಡಿದು ಇಳಿದ. ಕೆಳಗಿನಿಂದ ಚಳಕ್ಕೆಂದು ಸದ್ದಾಯಿತು.

"ಯಪ್ಪಾ! ನೀರದಾವ್ರೀ, ಮೊಣಕಾಲುಮಟ!"

"ಏನಂದಿ? ಹಗೇವಿಗೆ ನೀರು ಹೆಂಗ್ ಬರ್ತಾವಲೇ? ನಮ್ಮಜ್ಜನ ಕಾಲದಿಂದ ಒಂದು ಕಾಳು ತೊಯ್ದಿಲ್ಲ!" ಸಾಹುಕಾರನ ದನಿ ಸೀಳಿಹೋಯಿತು.

ಅಜ್ಜನ ಕಾಲದಲ್ಲಿ ಕಾಲುವೆ ಎಲ್ಲಿತ್ತು? ಹಿತ್ತಲಿನಾಚೆ ಭತ್ತದ ಗದ್ದೆಯಲ್ಲಿ ವರ್ಷವಿಡೀ ನಿಂತ ನೀರು ನೆಲದೊಳಗೇ ನಡೆದು ಬರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಮೇಲೆ ಬಂದ, ಗಡಿಯಾರಗಳಿದ್ದ ಹಿತ್ತಾಳೆ ಡಬ್ಬಿಯನ್ನು ಬಗ್ಗಿಸಿದರೆ ಕೆಮ್ಮಣ್ಣಿನ ನೀರು ಸುರಿಯಿತು.

"ಯಾ ಅಲ್ಲಾ!" ಜಂಗ್ಲಿಸಾಬ ಡಬ್ಬಿಗೆ ಕೈ ಹಾಕಿದ. ಒಂದು ಗಡಿಯಾರದ ಮುಖ ಚಕ್ಕೆ ಎದ್ದಿತ್ತು. ಇನ್ನೊಂದರ ಮುಳ್ಳುಗಳು ತುಕ್ಕಿಗೆ ಉಬ್ಬಿ ಒಂದಕ್ಕೊಂದು ಅಂಟಿದ್ದವು. ಸಾಹುಕಾರ ಎದೆ ಒಡೆದು ಬಿದ್ದಾನೆಂದು ಗಾಬರಿಯಿಂದ ಜಂಗ್ಲಿಸಾಬ ಅವನ ಕಡೆ ನೋಡಿದ.

ಸಾಹುಕಾರ ಒಂದನ್ನೆತ್ತಿ ಧೋತರದ ಚುಂಗಿನಿಂದ ಉಜ್ಜುತ್ತಿದ್ದ. ಹಳದಿ ಫಳಕ್ಕೆಂದಿತು. ಅವನ ಮುಖಕ್ಕೆ ಜೀವ ಮರಳಿತು.

"ಉಳಿದ್ವಿ ಬಿಡು! ಬಂಗಾರಕ್ಕ ಏನೂ ಆಗಿಲ್ಲ. ಒಳಗಿನ ಸಾಮಾನು ಕಿತ್ತು ಒಗಿ ಜಂಗ್ಲಿಸಾಬ್. ಕರಗಿಸಿದ್ರಾತು."

"ಸಾವ್ಕಾರ್ರ... ಇವು ಸತ್ತಾವ್ರೀ."

"ಸಾಯಾಕ ಅವೇನು ದನಾನೋ ಮಾರಾಯಾ? ಕೀಳು, ಕೀಳು."

ನೀರು ಕಂಡದ್ದಕ್ಕಿಂತ ಈ ಮಾತು ಕೇಳಿ ಜಂಗ್ಲಿಸಾಬ ಹೆಚ್ಚು ಹೌಹಾರಿದ್ದ. ಒಂಬತ್ತು ವರ್ಷ ಇದಕ್ಕೇ ಕಾದೆನೇ? ಆದರೂ ಕೈ ತನ್ನ ಕೆಲಸ ಮಾಡಿತು. ಆರು ಗಡಿಯಾರಗಳ ಬೆನ್ನು ತೆರೆದ, ಆರರಿಂದಲೂ ರಾಡಿ ತೊಟ್ಟಿಕ್ಕಿತು. ಏಳನೆಯದು ತಿರುಪಿನ ಬೆನ್ನಿನದು, ಬಿಗಿಯಾಗಿತ್ತು. ಬಿಚ್ಚಿ ನೋಡಿದರೆ ಒಳಗೆಲ್ಲ ಒಣಒಣ! ಉಸಿರು ಬಿಗಿಹಿಡಿದು ಪೂರ್ತಿ ಚಾವಿ ಕೊಟ್ಟು ಕಿವಿಗಿಟ್ಟುಕೊಂಡ. ಓಡುತ್ತಿತ್ತು. ಅವನ ಕಣ್ಣು ತುಂಬಿ ಗಡ್ಡಕ್ಕೆ ಇಳಿಯಿತು.

"ಏಯ್! ಯಾಕ ಓಡಿಸಾಕತ್ತೀದಿ? ನಿಂದ್ರಸು, ಸವದು ಹೋಗ್ತೈತಿ!"

"ಈಗ ನಿಂದ್ರಸಾಕ ಬರೂದಿಲ್ರೀ. ಮೂವತ್ತು ತಾಸು ಓಡತೈತಿ. ಒಂದೀಟು ಕೇಳ್ರಿ, ನೀವೂ ಕೇಳ್ರಿ..."

ಸಾಹುಕಾರ ಅದನ್ನು ಕಸಿದುಕೊಂಡು ಬಟ್ಟೆಯಲ್ಲಿ ಸುತ್ತಿ ತಿಜೋರಿಗೆ ಹಾಕಿ ಬೀಗ ಜಡಿದ. "ಇದೊಂದನ್ನ ಈಗ ಕೊಡೂದಿಲ್ಲ. ಇನ್ನೂ ಹತ್ತು ವರ್ಷ ಇಡ್ತೀನಿ." ಆಗ ಮಧ್ಯಾಹ್ನ ಹನ್ನೆರಡಾಗಿತ್ತು.

ಮರುದಿನ ಸಂಜೆ ಆರರ ಹೊತ್ತಿಗೆ ಸಿಂಧನೂರಿನ ಅಂಗಡಿಗೆ ಮಾಸ್ತರರೊಬ್ಬರು ಬಂದು ತಮ್ಮ ಕೈಗಡಿಯಾರ ಮುಂದೆ ಚಾಚಿದರು.

"ನಿಂತುಬಿಟ್ಟೈತಿ ಸಾಬ್ರೇ, ಲಗೂನ ನೋಡ್ರಿ."

"ಒಂದೀಟು ತಡೀರಿ" ಎಂದ ಜಂಗ್ಲಿಸಾಬ. ಗೋಡೆಯ ಗಡಿಯಾರ ನೋಡಿ ಚಿಮುಟ ಕೆಳಗಿಟ್ಟ. ಮೂವತ್ತು ತಾಸು ಮುಗಿದಿತ್ತು. ಎದ್ದು, ತಲೆಯ ಟೋಪಿ ಸರಿಮಾಡಿಕೊಂಡು, ಬಳಗಾನೂರಿನ ದಿಕ್ಕಿಗೆ ಮುಖಮಾಡಿ ಸುಮ್ಮನೆ ನಿಂತ.